ಬಿದಿರುಮೆಳೆಯ ಮುಳ್ಳು ಮತ್ತು ಇಳುವರಿಯ ಲೆಕ್ಕ

ಅರಣ್ಯಶಾಸ್ತ್ರದ ಹೊಸ ವಿದ್ಯಾರ್ಥಿಗಳನ್ನು ಉತ್ತರ ಕನ್ನಡದ ಕಾಡಿಗೆ ಕರೆದೊಯ್ದಾಗ, ಮೊದಲ ದಿನ ಹೆಬ್ಬಿದಿರಿನ ಮೆಳೆಯೊಂದರ ಮುಂದೆ ನಿಲ್ಲಿಸಿ ಒಳಗಿನ ಬೊಂಬುಗಳನ್ನು ಎಣಿಸಲು ಹೇಳುತ್ತೇನೆ. ಬುಡದ ಸುತ್ತ ಹೆಣೆದುಕೊಂಡ ಮುಳ್ಳುಕೊಂಬೆಗಳನ್ನು ದಾಟಲಾಗದೆ ಕತ್ತಿ ಕೇಳುವವರೇ ಹೆಚ್ಚು. ಸುಮಾರು ಐದು ದಶಕಗಳ ಹಿಂದೆ ಇದೇ ಜಿಲ್ಲೆಯಲ್ಲಿ ಅಂತಹ ಕತ್ತಿ ಏನು ಮಾಡಿತೆಂಬುದನ್ನು ಆಗ ವಿವರಿಸುತ್ತೇನೆ.

ಕಾಡು ಎಷ್ಟು ಬೆಳೆಯುತ್ತದೆಯೋ ಅಷ್ಟನ್ನೇ ಕಡಿಯಬೇಕೆಂಬ ವಿಚಾರ ಹಳೆಯದು. ಗಣಿಗಾರಿಕೆಗೆ ಸೌದೆ ಸಾಲದೆ ಕಂಗೆಟ್ಟಿದ್ದ ಜರ್ಮನಿಯ ಸ್ಯಾಕ್ಸನಿಯಲ್ಲಿ, ಗಣಿ ಆಡಳಿತಗಾರ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲೇ ಅದನ್ನು ಗ್ರಂಥರೂಪದಲ್ಲಿ ಮಂಡಿಸಿದ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಕೂಡ ಜರ್ಮನಿಯವನೇ. ನಮ್ಮ ಅರಣ್ಯ ವಿಭಾಗಗಳ ವರ್ಕಿಂಗ್ ಪ್ಲಾನ್‌ಗಳು ಇಂದಿಗೂ ಈ ಪರಂಪರೆಯ ಕೂಸುಗಳು: ನಿಂತ ಸಂಪತ್ತನ್ನು ಅಳೆದು, ವಾರ್ಷಿಕ ಬೆಳವಣಿಗೆಯನ್ನು ಅಂದಾಜಿಸಿ, ಕಡಿಯಬಹುದಾದ ಪ್ರಮಾಣವನ್ನು ಅವು ಗೊತ್ತುಪಡಿಸುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಡಿಯುವ ಕ್ರಮವೇ ಮುಂದಿನ ಬೆಳವಣಿಗೆಯನ್ನು ಕುಗ್ಗಿಸಿದರೆ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ?

1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಉತ್ಪಾದನೆ ಆರಂಭವಾದಾಗ ಸುತ್ತಲಿನ ಬಿದಿರುಕಾಡು ಎಂದೂ ತೀರದೆಂಬ ನಂಬಿಕೆಯಿತ್ತು. ಆ ಅಂದಾಜು ವಾಸ್ತವವನ್ನು ಬಹಳ ಮೀರಿತ್ತು; ಎರಡು ದಶಕಗಳು ತುಂಬುವ ಮೊದಲೇ ಮೆಳೆಗಳು ವಿರಳವಾದವು, ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಬಿದಿರು ದುರ್ಲಭವಾಯಿತು. ಊರಿನವರ ದನ ಮತ್ತು ಕತ್ತಿಯೇ ಕಾರಣವೆಂದು ಒಂದು ಕಡೆ, ಕಾರ್ಖಾನೆಯ ಕೂಪುಗಳೇ (ಕಡಿತಕ್ಕೆಂದು ಗುರುತಿಸಿದ ಕಾಡಿನ ತುಂಡುಗಳೇ) ಕಾರಣವೆಂದು ಇನ್ನೊಂದು ಕಡೆ ವಾದ ನಡೆಯಿತು. 1970ರ ದಶಕದ ಮಧ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಈ ವಾದವನ್ನು ಬದಿಗಿಟ್ಟು, ಮೆಳೆಯ ಬುಡದಲ್ಲಿ ಏನಾಗುತ್ತಿದೆಯೆಂದು ನೋಡತೊಡಗಿದರು.

ಮೆಳೆಯ ಬುಡ ಕಿಕ್ಕಿರಿದರೆ ಹೊಸ ಬೊಂಬುಗಳು ಸೊಟ್ಟಗಾಗುತ್ತವೆ, ಆದ್ದರಿಂದ ಮುಳ್ಳನ್ನು ಸವರಿ ಬುಡ ಬಿಡಿಸಬೇಕೆಂಬುದು ಅಂದಿನ ಅರಣ್ಯಶಾಸ್ತ್ರದ ಸಲಹೆಯಾಗಿತ್ತು. ಕಡಿಯುವವರಿಗೂ ಅದು ಅನುಕೂಲ. ಹಳ್ಳಿಗರು ಮಾತ್ರ ಅದು ತಪ್ಪೆನ್ನುತ್ತಿದ್ದರು. ಮುಂಗಾರಿನಲ್ಲಿ ನೆಲದಿಂದ ಮೇಲೇಳುವ ಕಳಲೆ ಮೃದುವಾಗಿಯೂ ರುಚಿಯಾಗಿಯೂ ಇರುತ್ತದೆ. ದನ, ಮುಸುವ, ಮುಳ್ಳುಹಂದಿಗಳಿಗೆಲ್ಲ ಅದು ಇಷ್ಟ. (ನಮ್ಮ ಅಡುಗೆಮನೆಗಳನ್ನೂ ಈ ಪಟ್ಟಿಗೆ ಸೇರಿಸಬೇಕು.) ಮುಳ್ಳಿನ ಹೊದಿಕೆಯಿದ್ದಾಗ ಬಾಯಿಗೆ ಸಿಗದೆ ಉಳಿಯುತ್ತಿದ್ದ ಕಳಲೆಗಳು, ಹೊದಿಕೆ ಹೋದ ಮೇಲೆ ಸಾಲುಸಾಲಾಗಿ ಮೇಯಲ್ಪಟ್ಟವು. ಮುಳ್ಳು ಸವರಿದ ಮತ್ತು ಸವರದ ಮೆಳೆಗಳನ್ನು ಹೋಲಿಸಿದ ಕ್ಷೇತ್ರದ ಅಧ್ಯಯನ ಹಳ್ಳಿಗರ ಮಾತನ್ನೇ ದೃಢಪಡಿಸಿತು. ಮೆಳೆಯ ಹೊಸ ಬೊಂಬುಗಳು ಹಳೆಯ ಬೊಂಬುಗಳು ಕೂಡಿಟ್ಟ ಆಹಾರದಿಂದ, ನೆಲದಡಿಯ ಗಡ್ಡೆಯ ಮೂಲಕ ಬೆಳೆಯುತ್ತವೆ. ಹೀಗಾಗಿ ಕೆಲವು ವರ್ಷ ಸತತವಾಗಿ ಕಳಲೆ ಕಳೆದುಕೊಂಡ ಮೆಳೆಯಲ್ಲಿ ಬಲಿತವು ಕಡಿತಕ್ಕೆ ಹೋಗುತ್ತವೆ, ಅವುಗಳ ಜಾಗಕ್ಕೆ ಬರುವವು ಇರುವುದಿಲ್ಲ, ಗಡ್ಡೆ ಸೊರಗುತ್ತದೆ.

ಈ ಅಧ್ಯಯನವನ್ನು ನಾನು ಮತ್ತೆ ಮತ್ತೆ ಪಾಠಕ್ಕೆ ತರುವುದಕ್ಕೆ ಕಾರಣ ಅದರ ಫಲಿತಾಂಶಕ್ಕಿಂತ ಅದರ ವಿಧಾನ. ಶಿಫಾರಸು ಎಷ್ಟೇ ತರ್ಕಬದ್ಧವಾಗಿ ಕಂಡರೂ, ಅದನ್ನು ಅನ್ವಯಿಸದ ಮೆಳೆಗಳನ್ನು ಪಕ್ಕದಲ್ಲೇ ಉಳಿಸಿಕೊಂಡು ಹೋಲಿಸದೆ ಅದು ಶಿಫಾರಸಾಗಿಯೇ ಉಳಿಯುತ್ತದೆ. ನಮ್ಮ ಅನೇಕ ಯೋಜನೆಗಳಲ್ಲಿ ಇಂದಿಗೂ ಇಂತಹ ಹೋಲಿಕೆಯ ತಾಕಿಗೆ ಜಾಗವಿರುವುದಿಲ್ಲ. ಇಡೀ ಬ್ಲಾಕಿಗೆ ಒಂದೇ ಉಪಚಾರ ಮಾಡಿ, ಬಳಿಕ ಫಲ ಬಂತೇ ಇಲ್ಲವೇ ಎಂದು ಚರ್ಚಿಸುತ್ತೇವೆ. ಇದರ ಮೇಲೆ ಹೆಬ್ಬಿದಿರು ನಾಲ್ಕು ದಶಕಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಒಣಗುವುದರಿಂದ, ಹತ್ತು ವರ್ಷದ ಯೋಜನೆಯೊಂದರ ಅಂಕಿಗಳಲ್ಲಿ ಕುಸಿತ ಕಂಡಾಗ ಅದು ಕಡಿತದ್ದೋ ಈ ಹೂಬಿಡುವಿಕೆಯದ್ದೋ ಎಂದು ಬೇರ್ಪಡಿಸುವುದು ಇನ್ನಷ್ಟು ಕಷ್ಟ.

2017ರ ಕಾನೂನು ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ಪ್ರಕಾರ ಮರವೆನಿಸಿಕೊಳ್ಳುವುದಿಲ್ಲ. ಅಂದಿನಿಂದ ನನ್ನನ್ನು ವಿಚಾರಿಸುವವರಲ್ಲಿ ರೈತರೂ ಇದ್ದಾರೆ, ಮತ್ತು ಮೊದಲ ಪ್ರಶ್ನೆ ಸಾಮಾನ್ಯವಾಗಿ ಮುಳ್ಳಿನದ್ದೇ. ಜಮೀನಿಗೆ ಗಟ್ಟಿ ಬೇಲಿಯಿದ್ದು ದನ, ಮಂಗಗಳ ಕಾಟವಿಲ್ಲದಿದ್ದರೆ ಬುಡ ಬಿಡಿಸಬಹುದು, ಕಡಿಯುವ ಕೆಲಸ ಹಗುರವಾಗುತ್ತದೆ. ಬೇಲಿಯಿಲ್ಲದ ಕಡೆ ಮುಳ್ಳನ್ನು ಹಾಗೆಯೇ ಬಿಟ್ಟು, ಒಂದೇ ಬದಿಯಲ್ಲಿ ಕಿರಿದಾದ ದಾರಿ ಮಾಡಿಕೊಂಡು, ಆ ವರ್ಷದ ಮತ್ತು ಹಿಂದಿನ ವರ್ಷದ ಬೊಂಬುಗಳನ್ನು ಮುಟ್ಟದೆ ಬಲಿತವುಗಳನ್ನು ಮಾತ್ರ ತೆಗೆಯಿರಿ. ಕಡಿತ ಮುಗಿದ ಮೇಲೆ, ಮುಂಗಾರಿಗೆ ಮೊದಲು, ಸವರಿದ ಮುಳ್ಳನ್ನೇ ಆ ದಾರಿಗೆ ಅಡ್ಡವಾಗಿ ಒಟ್ಟಿಬಿಡಿ.