ಮಂಡ್ಯದ ಮತದಾರರು ಇಡುವ ಎರಡು ಲೆಕ್ಕ

ಮತ ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಹಿ ಹಾಕುವ ದಾಖಲೆಗಳಲ್ಲಿ ನಮೂನೆ 20 ಎಂಬುದೊಂದಿದೆ. ಪ್ರತಿ ಮತಗಟ್ಟೆಗೆ ಒಂದು ಸಾಲು, ಪ್ರತಿ ಅಭ್ಯರ್ಥಿಗೆ ಒಂದು ಅಂಕಣ, ಬಲತುದಿಯಲ್ಲಿ ನೋಟಾ ಮತ್ತು ಒಟ್ಟು. ಲೋಕಸಭಾ ಚುನಾವಣೆಯಲ್ಲಿ ಇದನ್ನು ವಿಧಾನಸಭಾ ಕ್ಷೇತ್ರವಾರು ಸಿದ್ಧಪಡಿಸುವುದರಿಂದ, ಒಂದೇ ಊರಿನ ಜನ ಶಾಸಕರನ್ನು ಆರಿಸುವಾಗ ಏನು ಮಾಡಿದರು, ಸಂಸದರನ್ನು ಆರಿಸುವಾಗ ಏನು ಮಾಡಿದರು ಎಂಬುದನ್ನು ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನನ್ನ ವೃತ್ತಿಯ ಬಹುಪಾಲು ಈ ಹಾಳೆಗಳ ಓದಿನಲ್ಲೇ ಕಳೆದಿದೆ. ಗ್ರಾಮೀಣ ಕ್ಷೇತ್ರವೊಂದರ ಚುನಾವಣಾ ಇತಿಹಾಸವನ್ನು ಕಲಿಯಬೇಕೆಂದು ಬರುವ ಕಿರಿಯರಿಗೆ ನಾನು ಮೊದಲು ಕೊಡುವುದು ಮಂಡ್ಯದ 2018 ಮತ್ತು 2019ರ ಹಾಳೆಗಳನ್ನು.

2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳೂ ಸ್ಥಾನಗಳನ್ನು ಜೆಡಿಎಸ್ ಗೆದ್ದುಕೊಂಡಿತು. ಇದೇ ಲೋಕಸಭಾ ಕ್ಷೇತ್ರಕ್ಕೆ ಸೇರಿದ, ಆದರೆ ಮೈಸೂರು ಜಿಲ್ಲೆಯಲ್ಲಿರುವ ಕೃಷ್ಣರಾಜನಗರವೂ ಅದೇ ಪಕ್ಷದ ಪಾಲಾಯಿತು. ಎಂಟಕ್ಕೆ ಎಂಟು. ಅದೇ ವರ್ಷ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡರು 3,24,943 ಮತಗಳ ಅಂತರದಿಂದ ಗೆದ್ದರು. ಆರು ತಿಂಗಳು ತುಂಬುವುದರೊಳಗೆ, 2019ರ ಏಪ್ರಿಲ್‌ನಲ್ಲಿ, ಮುಖ್ಯಮಂತ್ರಿಯ ಪುತ್ರ ನಿಖಿಲ್ ಕುಮಾರಸ್ವಾಮಿ ಜೆಡಿಎಸ್–ಕಾಂಗ್ರೆಸ್ ಮೈತ್ರಿಕೂಟದ ಅಭ್ಯರ್ಥಿಯಾಗಿ ನಿಂತರು. ಎಂಟು ಶಾಸಕರು ಅವರ ಬೆನ್ನಿಗಿದ್ದರು, ಅವರಲ್ಲಿ ಮೂವರು ಸಚಿವರು. ಗೆದ್ದವರು ಪಕ್ಷೇತರರಾಗಿದ್ದ ಸುಮಲತಾ ಅಂಬರೀಶ್. ಅವರಿಗೆ 7,03,660 ಮತಗಳು, ನಿಖಿಲ್ ಅವರಿಗೆ 5,77,784. ಅಂತರ 1,25,876.

ಬಿಜೆಪಿ ಅಭ್ಯರ್ಥಿಯನ್ನು ನಿಲ್ಲಿಸದೆ ಸುಮಲತಾ ಅವರನ್ನು ಬೆಂಬಲಿಸಿದ್ದು, ಅವರ ಪತಿ, ಮಂಡ್ಯದ ಮಾಜಿ ಸಂಸದ ಅಂಬರೀಶ್ ನಿಧನರಾಗಿ ಐದು ತಿಂಗಳೂ ಆಗಿರದಿದ್ದದ್ದು, ಮೈತ್ರಿಯನ್ನು ಒಪ್ಪದ ಕಾಂಗ್ರೆಸ್ ಕಾರ್ಯಕರ್ತರು ಒಳಗಿಂದೊಳಗೇ ದೂರ ಸರಿದದ್ದು, ಈ ಎಲ್ಲ ಕಾರಣಗಳೂ ನಿಜವೇ. ಆದರೂ ಮತಯಂತ್ರದ ಮುಂದೆ ನಿಂತ ಮತದಾರನ ಸ್ಥಿತಿಯನ್ನು ಒಮ್ಮೆ ಊಹಿಸಿಕೊಳ್ಳಬೇಕು. ಕಣದಲ್ಲಿ 20ಕ್ಕೂ ಹೆಚ್ಚು ಅಭ್ಯರ್ಥಿಗಳಿದ್ದರು. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಗುಂಡಿಗಳು ಮಾತ್ರ ಇರುವುದರಿಂದ ಎರಡು ಯೂನಿಟ್‌ಗಳನ್ನು ಜೋಡಿಸಬೇಕಾಯಿತು. ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೊದಲು, ನೋಂದಾಯಿತ ಪಕ್ಷಗಳದ್ದು ಆಮೇಲೆ, ಪಕ್ಷೇತರರದು ಕೊನೆಗೆ, ಅದೂ ವರ್ಣಮಾಲೆಯ ಕ್ರಮದಲ್ಲಿ. ‘ಸು’ ಎಂದು ಆರಂಭವಾಗುವ ಹೆಸರು ಸಹಜವಾಗಿ ಎರಡನೆಯ ಯೂನಿಟ್‌ಗೆ ಹೋಯಿತು. ಅಷ್ಟೇ ಅಲ್ಲ, ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಪಕ್ಷೇತರರಾಗಿ ಸ್ಪರ್ಧಿಸಿದ್ದರು. ನಾಲ್ಕು ಸುಮಲತಾಗಳಲ್ಲಿ ತನಗೆ ಬೇಕಾದವರನ್ನು ಭಾವಚಿತ್ರ ಮತ್ತು ಕಹಳೆ ಊದುವ ರೈತನ ಗುರುತಿನಿಂದ ಹುಡುಕಿ ಗುಂಡಿ ಒತ್ತಿದವರು ಏಳು ಲಕ್ಷ ಮಂದಿ. ಹಳ್ಳಿಯ ಮತದಾರರು ಹಳೆಯ ಗುರುತಿಗೆ ಒಗ್ಗಿಹೋಗಿರುತ್ತಾರೆ, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಹಲವರು ಬಹುಕಾಲ ನಂಬಿದ್ದೆವು. ಆ ನಂಬಿಕೆಯನ್ನು ನಾನು ಕೈಬಿಟ್ಟದ್ದು ಈ ಫಲಿತಾಂಶದ ನಂತರ.

ಇದನ್ನು ಅನುಕಂಪದ ಅಲೆ ಎಂದು ಬದಿಗಿಡುವವರು 2024ನ್ನು ನೋಡಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಎಂಟು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಆರನ್ನು ಗೆದ್ದಿತು. ಮೇಲುಕೋಟೆ ಕಾಂಗ್ರೆಸ್ ಬೆಂಬಲಿತ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋಯಿತು. ಜೆಡಿಎಸ್‌ಗೆ ಉಳಿದದ್ದು ಕೃಷ್ಣರಾಜಪೇಟೆ ಒಂದೇ. ವರ್ಷ ಕಳೆಯುವಷ್ಟರಲ್ಲಿ ಬಿಜೆಪಿಯ ಜೊತೆಗೂಡಿದ್ದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಇಲ್ಲಿಂದ 2,84,620 ಮತಗಳ ಅಂತರದಲ್ಲಿ ಲೋಕಸಭೆಗೆ ಆಯ್ಕೆಯಾದರು. ಒಮ್ಮೆ ಎಂಟೂ ಶಾಸಕರಿದ್ದ ಪಕ್ಷ ಸೋತಿತು, ಇನ್ನೊಮ್ಮೆ ಒಬ್ಬರೇ ಶಾಸಕರಿದ್ದ ಪಕ್ಷ ಗೆದ್ದಿತು. ಶಾಸಕರ ಸಂಖ್ಯೆಯನ್ನು ಕೂಡಿಸಿ ಸಂಸದರನ್ನು ಊಹಿಸುವ ಪದ್ಧತಿ ಮಂಡ್ಯದಲ್ಲಿ ಏಕೆ ಕೈಕೊಡುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ, ಮತ್ತು ಅದರ ಉತ್ತರ ಈಚಿನ ಎರಡು ಚುನಾವಣೆಗಳಿಗಿಂತ ಬಹಳ ಹಿಂದಿನಿಂದ ಆರಂಭವಾಗುತ್ತದೆ.

ಮೊದಲ ನಾಲ್ಕು ಚುನಾವಣೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1952ರಿಂದ 1967ರವರೆಗೆ ಕಾಂಗ್ರೆಸ್‌ನ ಎಂ.ಕೆ. ಶಿವನಂಜಪ್ಪನವರೇ ಸತತವಾಗಿ ಗೆದ್ದರು. 1938ರ ಶಿವಪುರ ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಸೀಮೆಯಲ್ಲಿ ಕಾಂಗ್ರೆಸ್ಸಿಗೆ ಅಷ್ಟು ಬೇರು ಇದ್ದದ್ದು ಆಶ್ಚರ್ಯವಲ್ಲ. ಆದರೆ ಆ ಕಾಲದಲ್ಲೂ ವಿಧಾನಸಭೆಯ ಲೆಕ್ಕ ಬೇರೆಯಾಗಿತ್ತು. 1962ರಲ್ಲಿ ಮದ್ದೂರು ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೆ.ವಿ. ಶಂಕರಗೌಡರ ಪರವಾಗಿ ಸ್ವತಃ ನೆಹರೂ ಬಂದು ಪ್ರಚಾರ ಮಾಡಿದರೂ ಗೆದ್ದವರು ಪಕ್ಷೇತರರಾಗಿ ನಿಂತಿದ್ದ ತರುಣ ಎಸ್.ಎಂ. ಕೃಷ್ಣ. ಅದೇ ವರ್ಷ ಲೋಕಸಭೆಗೆ ಕಾಂಗ್ರೆಸ್ ಆಯ್ಕೆಯಾಗಿತ್ತು.

ಶಿವನಂಜಪ್ಪನವರ ನಿಧನದಿಂದ 1968ರಲ್ಲಿ ಉಪಚುನಾವಣೆ ಬಂತು. ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಕೃಷ್ಣ ಗೆದ್ದರು, 1971ರಲ್ಲಿ ಕಾಂಗ್ರೆಸ್ ಸೇರಿ ಮತ್ತೆ ಗೆದ್ದರು. ಮರುವರ್ಷವೇ ದೇವರಾಜ ಅರಸರ ಸಂಪುಟ ಸೇರಲು ಸಂಸತ್ತನ್ನು ಬಿಟ್ಟು ಬಂದರು. 1972ರ ಉಪಚುನಾವಣೆಯಲ್ಲಿ ಕೆ. ಚಿಕ್ಕಲಿಂಗಯ್ಯ ಆಯ್ಕೆಯಾದರು. ಇಲ್ಲಿಂದ ನಾಲ್ಕು ದಶಕ ಮುಂದೆ ಬಂದರೆ ಅದೇ ನಡೆ ಎರಡು ಸಲ ಕಾಣುತ್ತದೆ. 2009ರಲ್ಲಿ ಸಂಸದರಾದ ಎನ್. ಚೆಲುವರಾಯಸ್ವಾಮಿ 2013ರಲ್ಲಿ ನಾಗಮಂಗಲದ ಶಾಸಕರಾಗಿ ಆಯ್ಕೆಯಾಗಿ ಲೋಕಸಭಾ ಸ್ಥಾನ ತೊರೆದರು. 2014ರಲ್ಲಿ ಸಂಸದರಾದ ಸಿ.ಎಸ್. ಪುಟ್ಟರಾಜು 2018ರಲ್ಲಿ ಮೇಲುಕೋಟೆಯಿಂದ ಶಾಸಕರಾಗಿ ಅದನ್ನೇ ಮಾಡಿದರು. ಈ ಕ್ಷೇತ್ರ ಕಂಡ ನಾಲ್ಕು ಉಪಚುನಾವಣೆಗಳಲ್ಲಿ ಮೂರಕ್ಕೆ ಕಾರಣ ದೆಹಲಿಯಿಂದ ಬೆಂಗಳೂರಿನ ಕಡೆಗೆ ನಡೆದ ಸಂಸದರು.

ಇದನ್ನು ನಾಯಕರ ಸ್ವಂತ ಆಸೆ ಎಂದಷ್ಟೇ ಓದಿದರೆ ತಪ್ಪಾಗುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ, ಯಾವಾಗ ನೀರು ಬಿಡಬೇಕು, ಕೊನೆಯ ಭಾಗಕ್ಕೆ ಅದು ತಲುಪಿತೇ ಇಲ್ಲವೇ, ಕಬ್ಬಿನ ಬಾಕಿ ಯಾವಾಗ ಕೈಗೆ ಬರುತ್ತದೆ, ಸರ್ಕಾರಿ ಸ್ವಾಮ್ಯದ ಮೈಷುಗರ್ ಕಾರ್ಖಾನೆ ಈ ಹಂಗಾಮಿನಲ್ಲಿ ನುರಿಯುತ್ತದೆಯೇ, ಸಾಗುವಳಿ ಚೀಟಿ, ಟ್ರಾನ್ಸ್‌ಫಾರ್ಮರ್, ವರ್ಗಾವಣೆ: ರೈತಾಪಿ ಜನರ ವರ್ಷವನ್ನು ತೀರ್ಮಾನಿಸುವ ಇವೆಲ್ಲ ನಡೆಯುವುದು ವಿಧಾನಸೌಧದಲ್ಲಿ ಮತ್ತು ತಾಲ್ಲೂಕು ಕಚೇರಿಯಲ್ಲಿ. ಆದ್ದರಿಂದ ಶಾಸಕರನ್ನು ಜನ ಕೆಲಸದ ಮೇಲೆ, ಕೈಗೆ ಸಿಗುತ್ತಾರೆಯೇ ಎಂಬುದರ ಮೇಲೆ ಅಳೆಯುತ್ತಾರೆ. ಸಂಸದರಿಂದ ಇಷ್ಟನ್ನೆಲ್ಲ ಯಾರೂ ನಿರೀಕ್ಷಿಸುವುದಿಲ್ಲ. ಅವರನ್ನು ಆರಿಸುವಾಗ ಕೇಳುವ ಪ್ರಶ್ನೆ ‘ಇವರು ನಮ್ಮವರೇ, ನಮ್ಮ ಮಾತನ್ನು ದೊಡ್ಡ ಜಾಗದಲ್ಲಿ ಎತ್ತಿ ಆಡುವ ತೂಕ ಇವರಿಗಿದೆಯೇ’ ಎಂಬುದು. 2019ರಲ್ಲಿ ಸುಮಲತಾ ಅವರ ಜಾತಿ ಮತ್ತು ಹುಟ್ಟೂರಿನ ಮಾತೆತ್ತಿದವರಿಗೆ ಅವರು ತಾವು ಮಂಡ್ಯದ ಸೊಸೆ ಎಂದು ಉತ್ತರಿಸಿದ್ದು, ಸ್ವಾಭಿಮಾನವೇ ಆ ಚುನಾವಣೆಯ ಘೋಷಣೆಯಾದದ್ದು ಇದೇ ಕಾರಣಕ್ಕೆ. ಒಕ್ಕಲಿಗರು ಬಹುಸಂಖ್ಯೆಯಲ್ಲಿರುವ ಕ್ಷೇತ್ರವೆಂದು ಮಂಡ್ಯವನ್ನು ಜಾತಿಯ ಪಟ್ಟಿಯಿಂದ ವಿವರಿಸುವ ರೂಢಿ ಇದೆ, ಆದರೆ ಪ್ರಮುಖ ಅಭ್ಯರ್ಥಿಗಳಿಬ್ಬರೂ ಸಾಮಾನ್ಯವಾಗಿ ಅದೇ ಸಮುದಾಯದವರಾಗಿರುವಾಗ ಆ ಪಟ್ಟಿ ಗೆಲುವಿನ ಕಾರಣವನ್ನು ಹೇಳಲಾರದು.

ಎಂಪಿಯ ಲೆಕ್ಕ ಪ್ರತ್ಯೇಕವಾಗಿದ್ದರಿಂದಲೇ ದೇಶದ ಗಾಳಿಗೂ ಮಂಡ್ಯ ಸುಲಭವಾಗಿ ಬಾಗಲಿಲ್ಲ. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ನಂತರ, ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಜನತಾ ಪಕ್ಷಕ್ಕೆ ಸಿಕ್ಕ ನಾಲ್ಕರಲ್ಲಿ ಮಂಡ್ಯವೂ ಒಂದು, ಗೆದ್ದವರು ಅದೇ ಕೆ.ವಿ. ಶಂಕರಗೌಡರು. 1962ರಲ್ಲಿ ನೆಹರೂ ಬಂದರೂ ಸೋತಿದ್ದ ವ್ಯಕ್ತಿಯನ್ನು 22 ವರ್ಷಗಳ ನಂತರ ಎದುರುಗಾಳಿಯಲ್ಲಿ ಗೆಲ್ಲಿಸಿದ ಈ ಫಲಿತಾಂಶವನ್ನು ನಾನು ಇಡೀ ಸರಣಿಯಲ್ಲೇ ಅತ್ಯಂತ ಅರ್ಥಪೂರ್ಣವೆಂದು ಭಾವಿಸುತ್ತೇನೆ. 1989 ಮತ್ತು 1991ರಲ್ಲಿ ಗೆದ್ದ ಜಿ. ಮಾದೇಗೌಡರು ಕಾವೇರಿ ಹೋರಾಟದ ಮುಂದಾಳು. ಅಂಬರೀಶ್ 1998ರಲ್ಲಿ ಜನತಾ ದಳದಿಂದ, ಒಂದೂವರೆ ವರ್ಷದ ಬಳಿಕ 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಗುರುತು ಬದಲಾದರೂ ಜನ ಬದಲಾಗಲಿಲ್ಲ, 2004ರಲ್ಲೂ ಅವರನ್ನೇ ಕಳಿಸಿದರು.

ಹಾಗೆಂದು ಹೆಸರೊಂದಿದ್ದರೆ ಸಾಕು ಎಂಬ ತೀರ್ಮಾನಕ್ಕೂ ಬರಲಾಗದು. 2007ರ ಫೆಬ್ರುವರಿಯಲ್ಲಿ ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ನೀರು ಹಂಚಿ ಅಂತಿಮ ತೀರ್ಪು ಕೊಟ್ಟಾಗ ಅಂಬರೀಶ್ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸಿದರು. ನೀರಿಗಾಗಿ ಅಧಿಕಾರ ಬಿಟ್ಟವರೆಂಬ ಹೆಸರು ಬಂದರೂ 2009ರಲ್ಲಿ ಅವರು 23,500 ಮತಗಳಿಂದ ಸೋತರು. 2013ರ ಉಪಚುನಾವಣೆಯಲ್ಲಿ 47 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಕ್ಷೇತ್ರದ ಮೊದಲ ಮಹಿಳಾ ಸಂಸದೆಯಾದ ರಮ್ಯಾ, ಎಂಟೇ ತಿಂಗಳಲ್ಲಿ ಪುಟ್ಟರಾಜು ಅವರಿಗೆ 5,518 ಮತಗಳಿಂದ ಸೋತರು. ಮಾತಿನ ತೂಕವನ್ನು ಜನ ಪ್ರತಿ ಸಲವೂ ಹೊಸದಾಗಿ ತೂಗುತ್ತಾರೆ.

ಹಳೆಯ ಅಂಕಿಗಳನ್ನು ಹೋಲಿಸುವವರಿಗೆ ಒಂದು ಎಚ್ಚರಿಕೆ ಅಗತ್ಯ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕಿರುಗಾವಲು ಮತ್ತು ಕೆರಗೋಡು ವಿಧಾನಸಭಾ ಕ್ಷೇತ್ರಗಳು ಇಲ್ಲವಾದವು, ಪಾಂಡವಪುರ ಮೇಲುಕೋಟೆಯಾಯಿತು. ನಾಲೆ ನೀರಿನ ಮದ್ದೂರಿನ ಗದ್ದೆ ಬಯಲಿಗೂ ಮಳೆ ನೋಡುವ ನಾಗಮಂಗಲದ ಒಣಭೂಮಿಗೂ ಒಂದೇ ವಿವರಣೆ ಹೊಂದುವುದಿಲ್ಲವಾದ್ದರಿಂದ, ಗಡಿ ಬದಲಾದ ಕ್ಷೇತ್ರದ ಒಟ್ಟು ಮತವನ್ನು 2004 ಮತ್ತು 2009ರ ನಡುವೆ ನೇರವಾಗಿ ಹೋಲಿಸಿ ಏರಿತು, ಇಳಿಯಿತು ಎನ್ನುವುದು ಸರಿಯಲ್ಲ.

2024ರಲ್ಲಿ ಹಳೆಯ ನಡೆಗೆ ತಿರುವು ಮುರುವಾದ ಸಂಗತಿಯೊಂದು ನಡೆಯಿತು. ಚನ್ನಪಟ್ಟಣದ ಶಾಸಕರಾಗಿದ್ದ ಕುಮಾರಸ್ವಾಮಿ ಮಂಡ್ಯದಿಂದ ಗೆದ್ದ ಮೇಲೆ ವಿಧಾನಸಭಾ ಸ್ಥಾನವನ್ನು ಬಿಟ್ಟುಕೊಟ್ಟು, ಕೇಂದ್ರದಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕು ಖಾತೆಯ ಸಚಿವರಾದರು. ಬೆಂಗಳೂರಿಗೆ ಹೋಗಲು ಮಂಡ್ಯದ ಸ್ಥಾನವನ್ನು ಮೂರು ಸಲ ಬಿಟ್ಟದ್ದನ್ನು ನೋಡಿದ್ದ ಮತದಾರರು, ಈ ಸಲ ಮಂಡ್ಯವನ್ನು ಉಳಿಸಿಕೊಂಡು ವಿಧಾನಸಭೆಯ ಸ್ಥಾನವನ್ನು ಬಿಟ್ಟದ್ದನ್ನು ನೋಡಿದರು. ಉಪಚುನಾವಣೆಯ ಸರದಿ ಚನ್ನಪಟ್ಟಣದ್ದಾಯಿತು.