ಆ ಶಕ್ತಿ ಕೂತಿರುವುದು ಎಲ್ಲಿ?

1746ರಲ್ಲಿ ನೊಲೆ ಎಂಬ ಪಾದ್ರಿ ಫ್ರಾನ್ಸಿನ ರಾಜನ ಎದುರು 180 ಕಾವಲುಗಾರರನ್ನು ಕೈಕೈ ಹಿಡಿಸಿ ನಿಲ್ಲಿಸಿದರು. ನೀರು ತುಂಬಿದ ಒಂದು ಗಾಜಿನ ಜಾಡಿಯಿಂದ ಚಾರ್ಜ್ ಹರಿದದ್ದೇ ತಡ, ಅಷ್ಟೂ ಜನ ಒಟ್ಟಿಗೆ ಎಗರಿಬಿದ್ದರು. ಚಾರ್ಜ್ ಹಿಡಿದಿಡುವ ಈ ‘ಲೈಡನ್ ಜಾಡಿ’ ಆಗಷ್ಟೇ ಬಂದಿತ್ತು. ಅಷ್ಟು ಶಕ್ತಿ ಅದರಲ್ಲಿ ಎಲ್ಲಿ ಅಡಗಿತ್ತು?

ಬೆಂಜಮಿನ್ ಫ್ರಾಂಕ್ಲಿನ್ ಚಾರ್ಜ್ ಆದ ಜಾಡಿಯ ನೀರನ್ನು ಬೇರೆ ಬಾಟಲಿಗೆ ಸುರಿದು ನೋಡಿದರು. ಸುರಿದ ನೀರಿನಲ್ಲಿ ಶಾಕ್ ಇಲ್ಲ. ಖಾಲಿ ಜಾಡಿಗೆ ಹೊಸ ನೀರು ಹಾಕಿದರೆ ಶಾಕ್ ಹೊಡೆಯಿತು! ಎಲ್ಲವೂ ಗಾಜಿನಲ್ಲೇ ಇದೆ ಅಂದರು.

1785ರಲ್ಲಿ ಕೂಲಂಬ್ ಎರಡು ಚಾರ್ಜ್‌ಗಳ ನಡುವಿನ ಬಲವನ್ನು ಅಳೆದ ಮೇಲೆ ಲೆಕ್ಕಕ್ಕೆ ದಾರಿಯಾಯಿತು. ಒಂದೊಂದು ಮೈಕ್ರೋಕೂಲಂಬಿನ (ಚಾರ್ಜ್ ಅಳೆಯುವ ಮಾನ), ಪರಸ್ಪರ ತಳ್ಳುವ ಒಂದೇ ಬಗೆಯ ಮೂರು ಚಾರ್ಜ್‌ಗಳನ್ನು ಬಲು ದೂರದಿಂದ ತಂದು, 10 ಸೆಂ.ಮೀ. ಅಂತರದಲ್ಲಿ ತ್ರಿಕೋನವಾಗಿ ಇಡಬೇಕು ಅಂದುಕೊಳ್ಳಿ. ಮೊದಲನೆಯದನ್ನು ತರಲು ಶ್ರಮವೇ ಇಲ್ಲ. ಎರಡನೆಯದಕ್ಕೆ 0.09 ಜೂಲ್. ಮೂರನೆಯದನ್ನು ಇಬ್ಬರೂ ತಳ್ಳುತ್ತಾರೆ, ಹಾಗಾಗಿ 0.18. ಒಟ್ಟು 0.27. ಇದು ಯಾವುದೋ ಒಂದು ಚಾರ್ಜಿನ ಸ್ವಂತ ಆಸ್ತಿಯಲ್ಲ, ಮೂರೂ ಜೋಡಿಗಳದ್ದು. ಪ್ರತಿ ಚಾರ್ಜಿಗೂ ಬೇರೆಬೇರೆ ಲೆಕ್ಕ ಹಾಕಿ ಕೂಡಿಸಿದರೆ ಒಂದೊಂದು ಜೋಡಿಯೂ ಎರಡೆರಡು ಸಲ ಬಂದುಬಿಡುತ್ತದೆ, ಅದಕ್ಕೇ ಮೊತ್ತವನ್ನು ಅರ್ಧ ಮಾಡಬೇಕು. ಪಿಯುಸಿ ಮಕ್ಕಳು ಸುಮ್ನೆ ಬಾಯಿಪಾಠ ಮಾಡುವ ಆ ‘ಅರ್ಧ’ ಬಂದಿದ್ದು ಇಲ್ಲಿಂದ. ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಈ ಲೆಕ್ಕಕ್ಕೆ ಆಧಾರವಾದ ‘ಪೊಟೆನ್ಶಿಯಲ್’ (ಒಂದು ಮಾನದಷ್ಟು ಚಾರ್ಜನ್ನು ದೂರದಿಂದ ಒಂದು ಜಾಗಕ್ಕೆ ತರಲು ಬೇಕಾದ ಶಕ್ತಿ) ಎಂಬ ಹೆಸರು ಕೊಟ್ಟವರು ಜಾರ್ಜ್ ಗ್ರೀನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬಳಿ ಅಪ್ಪನ ಗಾಳಿಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದವರು. ಶಾಲೆಗೆ ಹೋಗಿದ್ದು ಹೆಚ್ಚೂಕಮ್ಮಿ ಒಂದೇ ವರ್ಷ. 1828ರಲ್ಲಿ ಅವರು ಅಚ್ಚು ಹಾಕಿಸಿದ ಪ್ರಬಂಧವನ್ನು ಕೊಂಡವರು ಐವತ್ತು ಚಿಲ್ಲರೆ ಜನ. 1841ರಲ್ಲಿ ಗ್ರೀನ್ ತೀರಿಕೊಂಡರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಕೈಗೆ ಅದರ ಪ್ರತಿ ಸಿಕ್ಕಿದ್ದು 1845ರಲ್ಲಿ. ಲೋಕಕ್ಕೆ ಗ್ರೀನ್ ಗೊತ್ತಾದದ್ದು ಆಮೇಲೆ. ನೆನೆದರೆ ಸಂಕಟವಾಗುತ್ತದೆ.

ಶಕ್ತಿ ಎಷ್ಟು ಅನ್ನುವುದು ಗೊತ್ತಾಯಿತು. ಎಲ್ಲಿ ಅನ್ನುವುದು ಹಾಗೇ ಉಳಿಯಿತು. ಅದು ಚಾರ್ಜ್‌ಗಳ ಮೇಲಲ್ಲ, ಅವುಗಳ ನಡುವಿನ ಜಾಗದಲ್ಲಿ ಹರಡಿದ ಕ್ಷೇತ್ರದಲ್ಲಿದೆ (ಚಾರ್ಜಿನ ಪ್ರಭಾವ ಹಬ್ಬಿರುವ ಜಾಗ) ಎಂದರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್. ಫ್ಯಾರಡೆಯ ಬಲರೇಖೆಗಳ ಜಾಡು ಹಿಡಿದು ಬಂದ ಮಾತು ಅದು. 1873ರ ಅವರ ಗ್ರಂಥ ಅದನ್ನು ಗಣಿತದಲ್ಲಿ ಬಿಡಿಸಿಟ್ಟಿತು. ಜಾಡಿಯ ಒಳಗಿನ ಮತ್ತು ಹೊರಗಿನ ಚಾರ್ಜ್‌ಗಳ ನಡುವೆ ಇರುವುದು ಗಾಜೇ, ಹಾಗಾಗಿ ಫ್ರಾಂಕ್ಲಿನ್ ಅದರತ್ತ ಬೆರಳು ಮಾಡಿದ್ದು ತೀರಾ ತಪ್ಪೇನಲ್ಲ, ಅಲ್ವಾ?

ಆದರೆ ಹೊಸ ತೊಡಕು ಎದ್ದಿತು. ಎಲೆಕ್ಟ್ರಾನು ಗಾತ್ರವೇ ಇಲ್ಲದ ಬಿಂದು ಅಂದುಕೊಂಡರೆ, ಅದೊಂದರ ಸುತ್ತಲಿನ ಕ್ಷೇತ್ರದ ಶಕ್ತಿಯೇ ಅನಂತ ಬರುತ್ತದೆ. ನಮ್ಮ 0.27 ಜೂಲ್ ಅಷ್ಟು ಚಿಕ್ಕದಾಗಿ ಬಂದಿದ್ದು, ಒಂದೊಂದು ಚಾರ್ಜನ್ನೂ ಕಟ್ಟಲು ತಗಲುವ ಶಕ್ತಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಕಾರಣ.