ಅವಲಕ್ಕಿ, ಬೆಲ್ಲ ಮತ್ತು ಮರ ಕೊಯ್ಯುವ ಗರಗಸ

ಚಂಡಮಾರುತದಲ್ಲಿ ಕೊಲ್ಲುವುದು ಗಾಳಿ ಎಂದು ಸಮುದ್ರದಿಂದ ದೂರವಿರುವ ನಾವು ತಿಳಿದುಕೊಂಡಿರುತ್ತೇವೆ. ಟಿವಿಯಲ್ಲಿ ಕಾಣುವುದೂ ಬಾಗಿದ ತೆಂಗಿನ ಮರ, ಹಾರುವ ತಗಡು. ಆದರೆ 1999ರ ಅಕ್ಟೋಬರ್ 29ರಂದು ಒಡಿಶಾದ ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾದಲ್ಲಿ ಸಾವಿರಾರು ಜನರನ್ನು ಕೊಂಡೊಯ್ದದ್ದು ಮುಖ್ಯವಾಗಿ ನೀರು.

ಸಮುದ್ರದ ಮೇಲೆ ವಾಯುಭಾರ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ. ಆ ಚಂಡಮಾರುತದ ನಡುವಿನಲ್ಲಿ ವಾಯುಭಾರ 912 ಮಿಲಿಬಾರ್‌ಗೆ ಕುಸಿದಿತ್ತು. ಸಾಮಾನ್ಯ ದಿನಗಳಲ್ಲಿ ಅದು 1,010ರ ಆಸುಪಾಸು. ಈ ಲೆಕ್ಕದಲ್ಲಿ ನೀರು ಒಂದು ಮೀಟರಿನಷ್ಟು ಏರಬೇಕಿತ್ತು. ಏರಿದ್ದು ಐದಾರು ಮೀಟರ್. ಉಳಿದದ್ದೆಲ್ಲ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಗಾಳಿ ದಡದತ್ತ ತಳ್ಳಿ ತಂದ ನೀರು. ಆಳವಾದ ಕಡಲಿನಲ್ಲಾದರೆ ಹೀಗೆ ತಳ್ಳಿದ ನೀರು ಅಡಿಯಿಂದ ಹಿಂದಕ್ಕೆ ಹರಿದುಹೋಗುತ್ತದೆ. ಬಂಗಾಳ ಕೊಲ್ಲಿಯ ಆ ಭಾಗದಲ್ಲಿ ದಡದ ಹತ್ತಿರ ಅಷ್ಟು ಆಳವಿಲ್ಲ. ಲೋಟದಲ್ಲಿರುವ ಚಹಾವನ್ನು ಊದಿದರೆ ಅದು ಅಲ್ಲೇ ಸುತ್ತುತ್ತದೆ. ಸಾಸರಿಗೆ ಸುರಿದುಕೊಂಡು ಜೋರಾಗಿ ಊದಿದರೆ ಅಂಚು ದಾಟಿ ಅಂಗಿಯ ಮೇಲೆ ಬೀಳುತ್ತದೆ.

ಸತ್ತವರು ಸುಮಾರು ಹತ್ತು ಸಾವಿರ. ಎಚ್ಚರಿಕೆ ಇರಲಿಲ್ಲವೆಂದಲ್ಲ. ಹನ್ನೆರಡು ದಿನಗಳ ಹಿಂದಷ್ಟೇ ಗಂಜಾಂ ಜಿಲ್ಲೆಗೆ ಇನ್ನೊಂದು ಚಂಡಮಾರುತ ಬಡಿದಿತ್ತು. ರೇಡಿಯೋ ಕೂಗುತ್ತಲೇ ಇತ್ತು. ಮನೆ ಬಿಡಿ ಎಂದರೆ ಹೋಗುವುದಾದರೂ ಎಲ್ಲಿಗೆ? ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಊರುಗಳವು. ಇಡೀ ಕರಾವಳಿಯಲ್ಲಿ ಚಂಡಮಾರುತಕ್ಕೆಂದೇ ರೆಡ್ ಕ್ರಾಸ್ ಕಟ್ಟಿಸಿದ್ದ ಆಶ್ರಯ ತಾಣಗಳು 23. ಅಲ್ಲಿಗೆ ತಲುಪಿದವರು ಉಳಿದರು.

ಇಪ್ಪತ್ತು ವರ್ಷಗಳ ನಂತರ, 2019ರ ಮೇ 3ರಂದು, ಪುರಿಯ ಬಳಿ ‘ಫನಿ’ ದಡ ಮುಟ್ಟಿತು. ಅಷ್ಟರಲ್ಲಿ ಸುಮಾರು ಹನ್ನೆರಡು ಲಕ್ಷ ಜನ ಮನೆ ಬಿಟ್ಟಾಗಿತ್ತು. ಒಡಿಶಾದಲ್ಲಿ ಸತ್ತವರು 64. ಫನಿ 1999ರಷ್ಟು ಪ್ರಬಲವಾಗಿರಲಿಲ್ಲ ಎಂಬುದು ನಿಜ. ಆದರೂ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಾಳಿಯ ವೇಗವೊಂದೇ ವಿವರಿಸಲಾರದು. ಇದರ ಹೆಗ್ಗಳಿಕೆಯನ್ನು ಉಪಗ್ರಹಗಳಿಗೆ ಕೊಟ್ಟು ಸುಮ್ಮನಾಗುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮೊಬೈಲಿಗೆ ಬಂದ ಸಂದೇಶ ನೋಡಿ ಯಾವ ರೈತನೂ ಕೊಟ್ಟಿಗೆಯ ಹಸುವನ್ನು ಬಿಟ್ಟು ಹೊರಡುವುದಿಲ್ಲ. ಹಸುವಿನ ಗತಿಯೇನು, ಮನೆಗೆ ಕಳ್ಳರು ನುಗ್ಗಿದರೆ ಏನು, ಗಾಳಿ ಬೇರೆ ಕಡೆ ತಿರುಗಿದರೆ ಇಷ್ಟೆಲ್ಲ ವ್ಯರ್ಥವಲ್ಲವೇ? ಇವಕ್ಕೆ ಬಾಗಿಲಿಗೆ ಬಂದು ಉತ್ತರ ಹೇಳುವ ಮುಖ ಪರಿಚಯದ್ದಾಗಿರಬೇಕು.

ಒಡಿಶಾ ಮಾಡಿದ್ದು ಅದನ್ನೇ. 1999ರ ಕೊನೆಯಲ್ಲೇ ವಿಪತ್ತು ನಿರ್ವಹಣೆಗೆ ಪ್ರತ್ಯೇಕ ಪ್ರಾಧಿಕಾರ ಹುಟ್ಟಿತು. ಕರಾವಳಿಯುದ್ದಕ್ಕೂ ಎಂಟುನೂರಕ್ಕೂ ಹೆಚ್ಚು ಆಶ್ರಯ ತಾಣಗಳು ಎದ್ದವು. ಕಂಬಗಳ ಮೇಲೆ ನಿಂತ ಕಟ್ಟಡಗಳಿವು. ನೀರು ಬಂದರೆ ಅಡಿಯಲ್ಲಿ ಹರಿದುಹೋಗಲಿ ಎಂದು. ಮುದುಕರಿಗೆ, ಗಾಲಿಕುರ್ಚಿಗೆ ಇಳಿಜಾರಿನ ದಾರಿ. ಉಳಿದ ದಿನಗಳಲ್ಲಿ ಹಲವು ಕಡೆ ಅಲ್ಲಿ ಶಾಲೆ ನಡೆಯುತ್ತದೆ, ಹಾಗಾಗಿ ಕಟ್ಟಡ ಪಾಳು ಬೀಳುವುದಿಲ್ಲ, ದಾರಿಯೂ ಎಲ್ಲರಿಗೂ ಗೊತ್ತು. ನೋಡಿಕೊಳ್ಳುವುದು ಊರಿನದೇ ಸಮಿತಿ. ಜನರೇಟರ್, ಸ್ಟ್ರೆಚರ್, ಮರ ಕೊಯ್ಯುವ ಯಂತ್ರದ ಗರಗಸ ಅಲ್ಲೇ ಇರುತ್ತವೆ. ಬಿದ್ದ ಮರ ಕೊಯ್ದು ದಾರಿ ಬಿಡಿಸದೆ ಆಂಬುಲೆನ್ಸ್ ಬರುವಂತಿಲ್ಲ. ಬಂದವರ ಕೈಗೆ ಮೊದಲು ಸಿಗುವುದು ಚೂಡಾ ಮತ್ತು ಗುಡ, ಎಂದರೆ ನಮ್ಮ ಅವಲಕ್ಕಿ ಮತ್ತು ಬೆಲ್ಲ. ಬೇಯಿಸಬೇಕಿಲ್ಲ, ಬೇಗ ಕೆಡುವುದೂ ಇಲ್ಲ. 2024ರ ಅಕ್ಟೋಬರಿನಲ್ಲಿ ‘ದಾನಾ’ ಬಂದಾಗ ಸಾವಿರಾರು ಗರ್ಭಿಣಿಯರನ್ನು ಮೊದಲೇ ಆಸ್ಪತ್ರೆಗಳಿಗೆ ಸೇರಿಸಿದ್ದರು. ಯಾರ ಮನೆಯಲ್ಲಿ ಯಾರಿಗೆ ಎಷ್ಟು ತಿಂಗಳು ಎಂಬ ಲೆಕ್ಕ ಯಾವ ಉಪಗ್ರಹದಲ್ಲೂ ಇರುವುದಿಲ್ಲ.

ಮರಗಳ ಮಾತೂ ಒಂದಿಷ್ಟಿದೆ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಕಾಡು ಕೇಂದ್ರಪಾಡಾ ಜಿಲ್ಲೆಯಲ್ಲಿ ದಟ್ಟವಾಗಿತ್ತು. 1999ರ ಸಾವುಗಳನ್ನು ಹಳ್ಳಿವಾರು ಲೆಕ್ಕ ಹಾಕಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡಿದ್ದ ಕಡೆ ಸತ್ತವರು ಕಡಿಮೆ ಎಂದು ತೋರಿಸಿತು.

ಇಷ್ಟು ಜೀವ ಉಳಿಸಿದ ಮೇಲೂ ಬದುಕು ಉಳಿಸುವ ವಿದ್ಯೆ ಇನ್ನೂ ಪೂರ್ತಿ ಕೈವಶವಾಗಿಲ್ಲ. ಫನಿಗೆ ಉರುಳಿದ ವಿದ್ಯುತ್ ಕಂಬಗಳು ಲಕ್ಷಕ್ಕೂ ಮಿಗಿಲು. ವಿದ್ಯುತ್ ಇಲ್ಲದಿದ್ದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ಟ್ಯಾಂಕಿನಲ್ಲಿ ನೀರಿಲ್ಲ. ಮೊಬೈಲ್ ಗೋಪುರ ಸತ್ತರೆ ಎಟಿಎಂ ಕೂಡ ಸುಮ್ಮನಿರುತ್ತದೆ. ಪುರಿಯ ಕೆಲವು ಭಾಗಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ಉಪ್ಪು ನೀರು ನಿಂತ ಗದ್ದೆಯದು ಇನ್ನೂ ನಿಧಾನದ ಕಥೆ. ಒಳ್ಳೆಯ ಮಳೆ ಬಂದು ಉಪ್ಪನ್ನು ತೊಳೆಯುವವರೆಗೆ ಭತ್ತ ಏಳುವುದಿಲ್ಲ.

ಅಲ್ಲಿನ ವೀಳ್ಯದೆಲೆ ಬೆಳೆಗಾರರನ್ನು ನೋಡಿ. ನಮ್ಮಲ್ಲಿ ಬಳ್ಳಿ ಅಡಿಕೆ ಮರವನ್ನೋ ಅಗಸೆ ಗಿಡವನ್ನೋ ಹಬ್ಬುತ್ತದೆ. ಒಡಿಶಾದ ಕರಾವಳಿಯಲ್ಲಿ ಅದಕ್ಕೆ ಬಿದಿರು, ಹುಲ್ಲುಗಳಿಂದ ನೆರಳಿನ ಮನೆಯನ್ನೇ ಕಟ್ಟುತ್ತಾರೆ, ಹೆಸರು ಬರಜ. ಬಿರುಗಾಳಿಗೆ ಆ ಮನೆ ಕುಸಿದರೆ ಬಳ್ಳಿಯೂ ಹೋಯಿತು, ಬಿದಿರಿಗೆ ಹಾಕಿದ ದುಡ್ಡೂ ಹೋಯಿತು. ಬಿದ್ದ ತೆಂಗಿನ ಜಾಗದಲ್ಲಿ ನೆಟ್ಟ ಸಸಿ ಕಾಯಿ ಬಿಡಲು ಐದಾರು ವರ್ಷ ಬೇಕು. ಫನಿಯ ನಂತರ ಒಂದೇ ವರ್ಷ ಕಳೆದಿತ್ತು. 2020ರ ಮೇ ತಿಂಗಳಲ್ಲಿ ‘ಅಂಫಾನ್’ ಬರುತ್ತಿರುವ ಸುದ್ದಿ ಬಂತು. ಆಗ ಆಶ್ರಯ ತಾಣಗಳಲ್ಲಿ ಹಲವು ಕೋವಿಡ್ ಕ್ವಾರಂಟೈನ್ ಕೇಂದ್ರಗಳಾಗಿದ್ದವು. ಜನರನ್ನು ದೂರ ದೂರ ಕೂರಿಸಲು ಎಲ್ಲಿ ಖಾಲಿ ಶಾಲೆಯಿದೆ, ಎಲ್ಲಿ ಕಾಲೇಜಿದೆ ಎಂದು ಅಧಿಕಾರಿಗಳು ಮತ್ತೆ ಪಟ್ಟಿ ಹಿಡಿದು ಹೊರಟರು.